ಹಾಜರಿ ಗಡಿಯಾರದಿಂದ ಡಬ್ಲ್ಯೂಪಿಎಸ್‌ವರೆಗೆ: ಎಚ್‌ಆರ್, ಐಟಿ ಮತ್ತು ನಮ್ಮ ಸಂಬಳ



ನಮ್ಮ ವಾರ್ಷಿಕ ಸಂಚಿಕೆಗೆ ಪ್ರತಿ ವರ್ಷ ಯಾರಾದರೂ ಕದಂಬರ ಬಗ್ಗೆ, ವಿಜಯನಗರದ ಬಗ್ಗೆ, ಕಿತ್ತೂರು ಚೆನ್ನಮ್ಮನ ಬಗ್ಗೆ ಇತಿಹಾಸದ ಲೇಖನ ಬರೀತಾರೆ. ಓದಿ ಖುಷಿಯಾಗುತ್ತೆ. ಈ ಸಲ ನಾನು ಬೇರೆ ಒಂದು ಇತಿಹಾಸ ಬರೆಯೋಣ ಅಂದುಕೊಂಡೆ. ತಿಂಗಳಿಗೊಮ್ಮೆ ನಮ್ಮ ಫೋನಿಗೆ ಬರುವ ಒಂದು ಸಾಲಿನ ಮೆಸೇಜ್ ಇದೆಯಲ್ಲ, "ನಿಮ್ಮ ಖಾತೆಗೆ ಸಂಬಳ ಜಮಾ ಆಗಿದೆ" ಅಂತ, ಅದರ ಇತಿಹಾಸ.

ಆ ಮೆಸೇಜಿಗೆ ಕಾಯೋದು ನಾವು ಒಬ್ಬರೇ ಅಲ್ಲ. ಊರಲ್ಲಿ ಮನೆ ಸಾಲದ ಕಂತು, ಮಗಳ ಶಾಲೆ ಫೀಸು, ಅಮ್ಮನ ಬಿಪಿ ಮಾತ್ರೆ, ಎಲ್ಲವೂ ಅದಕ್ಕೇ ಕಾದಿರುತ್ತೆ. ನೂರೈವತ್ತು ದಿರ್ಹಮ್ ಕಡಿಮೆ ಬಂದರೂ ಅಲ್ಲಿ ಏನೋ ಒಂದು ನಿಲ್ಲುತ್ತೆ. ಕಡಿಮೆ ಬಂದಾಗ ಆಫೀಸಿಗೆ ಹೋದರೆ ಏನಾಗುತ್ತೆ ಅಂತ ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಎಚ್‌ಆರ್‌ನವರು "ಸಿಸ್ಟಂನಲ್ಲಿ ಹಾಗೆ ತೋರಿಸ್ತಿದೆ, ಐಟಿಯವರನ್ನ ಕೇಳಿ" ಅಂತಾರೆ. ಐಟಿಯವರು "ಸಿಸ್ಟಂ ಸರಿ ಇದೆ, ಎಚ್‌ಆರ್ ಕೊಟ್ಟ ರೂಲೇ ಹಾಗಿದೆ" ಅಂತಾರೆ. ತಮಾಷೆ ಏನಂದ್ರೆ ಇಬ್ಬರೂ ಸುಳ್ಳು ಹೇಳ್ತಿರೋದಿಲ್ಲ. ಎರಡೂ ಬಾಗಿಲ ನಡುವೆ ಹೆಲ್ಮೆಟ್ ಕೈಲಿ ಹಿಡಿದು ನಿಂತಿರೋದು ಮಾತ್ರ ನಾವು.

ನಾನು ಓದಿದ್ದು ಐಟಿಐ, ಎಲೆಕ್ಟ್ರಿಷಿಯನ್ ಟ್ರೇಡ್. ಐಟಿಗೂ ಐಟಿಐಗೂ ಒಂದೇ ಅಕ್ಷರದ ವ್ಯತ್ಯಾಸ, ಸಂಬಳದಲ್ಲಿ ಮಾತ್ರ ಬಹಳ! ಆದರೆ ಹಾಜರಿ ಯಂತ್ರಕ್ಕೆ ಪವರ್ ಕೊಡೋದು, ಕೇಬಲ್ ಎಳೆಯೋದು, ಗೋಡೆಗೆ ಕೂರಿಸೋದು ನನ್ನಂಥವರ ಕೆಲಸ. ಹಾಗಾಗಿ ಎರಡೂ ಕೊಠಡಿಗಳ ಒಳಗೆ ಏಣಿ ಹಾಕಿಕೊಂಡು ನಿಂತು ನೋಡುವ ಅವಕಾಶ ಸಿಕ್ಕಿದೆ. ಈ ಯಂತ್ರ ಎಲ್ಲಿಂದ ಬಂತು ಅಂತ ಕುತೂಹಲಕ್ಕೆ ಓದುತ್ತಾ ಹೋದಾಗ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಜನರ ನಿಯಮ ಗೊತ್ತಿದ್ದವರು ಮತ್ತು ಯಂತ್ರ ಗೊತ್ತಿದ್ದವರು ಒಂದೇ ಮೇಜಿಗೆ ಕೂತ ಕಡೆ ಸಂಬಳ ಸರಿಯಾಗಿ ಬಂದಿದೆ. ಬೇರೆ ಬೇರೆ ಕೂತ ಕಡೆ ದೊಡ್ಡ ದೊಡ್ಡ ಸರ್ಕಾರಗಳೇ ಮುಗ್ಗರಿಸಿವೆ.

ಗಡಿಯಾರ ಬಂದ ಕಾಲ

ಯಂತ್ರ ಬರೋದಕ್ಕೆ ಮುಂಚೆ ಹಾಜರಿ ಅಂದರೆ ಮನುಷ್ಯನ ಕಣ್ಣು ಮತ್ತು ಒಂದು ಪುಸ್ತಕ. ನಮ್ಮೂರ ಕಡೆ ರಸ್ತೆ ಕೆಲಸ, ಕೆರೆ ಕೆಲಸಕ್ಕೆ ಹೋದ ಹಿರಿಯರಿಗೆ ಮಸ್ಟರ್ ರೋಲ್ ಗೊತ್ತು. ಮೇಸ್ತ್ರಿ ಹೆಸರು ಕೂಗೋದು, ಗೀಟು ಹಾಕೋದು, ವಾರದ ಕೊನೆಗೆ ಗೀಟು ಎಣಿಸಿ ಕೂಲಿ ಕೊಡೋದು. ಮೇಸ್ತ್ರಿ ಒಳ್ಳೆಯವನಾದರೆ ಲೆಕ್ಕ ಒಳ್ಳೆಯದು. ಇಲ್ಲದಿದ್ದರೆ ಬಾರದವನ ಹೆಸರಿನ ಮುಂದೆಯೂ ಗೀಟು, ಬಂದವನ ಹೆಸರಿನ ಮುಂದೆ ಖಾಲಿ.

ಈ ಕಷ್ಟ ಅಮೆರಿಕದ ಕಾರ್ಖಾನೆಗಳಲ್ಲೂ ಇತ್ತು. ನ್ಯೂಯಾರ್ಕ್ ರಾಜ್ಯದ ಆಬರ್ನ್ ಎಂಬ ಊರಿನಲ್ಲಿ ಒಡವೆ ಅಂಗಡಿ ಇಟ್ಟಿದ್ದ ವಿಲ್ಲರ್ಡ್ ಬಂಡಿ ಅನ್ನುವವರು 1880ರ ದಶಕದ ಕೊನೆಯಲ್ಲಿ ಒಂದು ಹಾಜರಿ ಗಡಿಯಾರ ಮಾಡಿದರು. ಪ್ರತಿ ಕೆಲಸಗಾರನಿಗೂ ನಂಬರ್ ಇರುವ ಒಂದು ಕೀಲಿ. ಕೀಲಿ ತೂರಿಸಿ ತಿರುಗಿಸಿದರೆ ಒಳಗಿನ ಕಾಗದದ ಪಟ್ಟಿಯ ಮೇಲೆ ಅವನ ನಂಬರ್ ಮತ್ತು ಸಮಯ ಅಚ್ಚಾಗುತ್ತಿತ್ತು. 1894ರಲ್ಲಿ ಡೇನಿಯಲ್ ಕೂಪರ್ ಎಂಬವರು ಕೀಲಿಯ ಬದಲು ಕಾರ್ಡ್ ತೂರಿಸುವ ಗಡಿಯಾರ ತಂದರು. ಇವತ್ತು ನಾವು ಬೆರಳು ಒತ್ತಿದರೂ ಅದನ್ನ "ಪಂಚ್ ಮಾಡೋದು" ಅಂತಲೇ ಕರೀತೀವಲ್ಲ, ಆ ಮಾತಿಗೆ ಈ ಕಾರ್ಡಿನ ಕಾಲದ ವಾಸನೆ ಇದೆ.

ಇನ್ನೊಂದು ಕಡೆ ಹರ್ಮನ್ ಹಾಲರಿತ್ ಎಂಬ ಎಂಜಿನಿಯರ್ ತೂತು ಕಾರ್ಡುಗಳಿಂದ ಲೆಕ್ಕ ಮಾಡುವ ಯಂತ್ರ ಮಾಡಿದ್ದರು. 1890ರ ಅಮೆರಿಕದ ಜನಗಣತಿ ಅದರಲ್ಲೇ ನಡೆಯಿತು. 1911ರಲ್ಲಿ ಹಾಜರಿ ಗಡಿಯಾರದ ಕಂಪನಿ, ತಕ್ಕಡಿ ಮಾಡುವ ಕಂಪನಿ, ಹಾಲರಿತ್ ಅವರ ಕಂಪನಿ ಎಲ್ಲಾ ಸೇರಿ ಒಂದಾದವು. 1924ರಲ್ಲಿ ಆ ಕಂಪನಿಗೆ ಹೊಸ ಹೆಸರು ಬಂತು: ಐಬಿಎಂ. ಅಂದರೆ ಪ್ರಪಂಚದ ಅಷ್ಟು ದೊಡ್ಡ ಕಂಪ್ಯೂಟರ್ ಕಂಪನಿಯ ಒಂದು ಬೇರು ಕೂಲಿಕಾರರ ಹಾಜರಿ ಗಡಿಯಾರದಲ್ಲಿದೆ. ಈ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತೆ.

ಗಡಿಯಾರ ಬಂದ ಮೇಲೆ ಮೇಸ್ತ್ರಿಯ ಮರ್ಜಿ ಕಡಿಮೆಯಾಯಿತು, ಅದು ಲಾಭ. ಆದರೆ ಗಡಿಯಾರಕ್ಕೆ ಗೊತ್ತಿದ್ದದ್ದು ಒಂದೇ: ಯಾವ ನಂಬರ್, ಎಷ್ಟು ಹೊತ್ತಿಗೆ ಬಂತು. ಆ ನಂಬರಿನ ಮನುಷ್ಯ ಯಾಕೆ ತಡವಾಗಿ ಬಂದ, ಟ್ರೈನ್ ತಪ್ಪಿತಾ, ಮೇಲಿನವರೇ ಬೇರೆ ಕಡೆ ಕಳಿಸಿದ್ದರಾ, ಅದು ಗಡಿಯಾರಕ್ಕೆ ಗೊತ್ತಿಲ್ಲ.

ಜನರ ವಿಷಯಕ್ಕೆ ಒಂದು ಕೊಠಡಿ

ಆ "ಯಾಕೆ" ಕೇಳೋದಕ್ಕೆ ಇನ್ನೊಂದು ಕೊಠಡಿ ಹುಟ್ಟಿತು. ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನಲ್ಲಿದ್ದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ 1901ರಲ್ಲಿ ದೊಡ್ಡ ಮುಷ್ಕರವಾಯಿತು. ಅದಾದ ಮೇಲೆ ಕಂಪನಿಯವರು ಕೆಲಸಗಾರರ ದೂರು, ಸುರಕ್ಷತೆ, ಸಂಬಳ ಇತ್ಯಾದಿ ನೋಡಿಕೊಳ್ಳಲು ಪ್ರತ್ಯೇಕ ವಿಭಾಗ ಮಾಡಿದರು. ಇವತ್ತಿನ ಎಚ್‌ಆರ್ ಇಲಾಖೆಯ ಹಳೆಯ ಉದಾಹರಣೆಗಳಲ್ಲಿ ಅದನ್ನು ಮೊದಲು ಹೇಳ್ತಾರೆ. ನಮ್ಮ ದೇಶದಲ್ಲಿ 1948ರ ಫ್ಯಾಕ್ಟರಿ ಕಾಯ್ದೆ 500 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು ಅಂತ ಹೇಳಿತು. ಓಟಿಗೆ ಮಾಮೂಲಿ ದರದ ಎರಡರಷ್ಟು ಕೊಡಬೇಕು ಅಂದದ್ದೂ ಅದೇ ಕಾಯ್ದೆ.

ಹೀಗೆ ಜನರನ್ನು ನೋಡುವವರದ್ದು ಒಂದು ಕೊಠಡಿ, ಲೆಕ್ಕದ ಯಂತ್ರ ನೋಡುವವರದ್ದು ಇನ್ನೊಂದು ಕೊಠಡಿ ಆಯಿತು. ಎರಡರ ಭಾಷೆಯೂ ಬೇರೆ. ಇವರು "ಸೌಲಭ್ಯ, ರಜೆ, ಒಪ್ಪಂದ" ಅಂದರೆ ಅವರು "ಫೀಲ್ಡ್, ಕೋಡ್, ಫೈಲ್" ಅನ್ನುತ್ತಿದ್ದರು. ಇಬ್ಬರನ್ನೂ ಸೇರಿಸಿ ಕೆಲಸ ಮಾಡಿಸಿ ಗೆದ್ದವರು ಯಾರು ಅಂತ ನೋಡಿದರೆ ಉತ್ತರ ಆಶ್ಚರ್ಯ ತರುತ್ತೆ. ಅದು ಲಂಡನ್ನಿನ ಒಂದು ಚಹಾ ಅಂಗಡಿ.

ಚಹಾ ಅಂಗಡಿಯವರ ಕಂಪ್ಯೂಟರ್

ಜೆ. ಲಯನ್ಸ್ ಅಂಡ್ ಕಂಪನಿ ಅಂತ ಇಂಗ್ಲೆಂಡಿನಲ್ಲಿ ಮನೆಮಾತಾಗಿದ್ದ ಕಂಪನಿ. ಊರೂರಲ್ಲಿ ಟೀ ಅಂಗಡಿ, ಬೇಕರಿ, ಐಸ್‌ಕ್ರೀಂ. ಒಂದು ಕಪ್ ಚಹಾ, ಒಂದು ಬನ್ನು ಮಾರಿದರೆ ಸಿಗುವ ಲಾಭ ಪೈಸೆಗಳಲ್ಲಿ. ಆದರೆ ಅದರ ಲೆಕ್ಕ ಇಡೋದಕ್ಕೆ ಗುಮಾಸ್ತರ ದಂಡೇ ಬೇಕಿತ್ತು. ಅಲ್ಲಿ ಜಾನ್ ಸಿಮನ್ಸ್ ಎಂಬ ಗಣಿತ ಓದಿದ ಅಧಿಕಾರಿ ಇದ್ದರು. ಆಫೀಸಿನ ಕೆಲಸ ಹೇಗೆ ನಡೆಯುತ್ತೆ, ಯಾವ ಕಾಗದ ಯಾರ ಮೇಜಿಂದ ಯಾರ ಮೇಜಿಗೆ ಹೋಗುತ್ತೆ ಅಂತ ಅಧ್ಯಯನ ಮಾಡೋದಕ್ಕೇ ಅವರು ಒಂದು ವಿಭಾಗ ಇಟ್ಟಿದ್ದರು. ಕಂಪ್ಯೂಟರ್ ಅನ್ನುವ ವಸ್ತು ಬರೋದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು.

1947ರಲ್ಲಿ ಲಯನ್ಸ್‌ನ ಇಬ್ಬರು ಅಧಿಕಾರಿಗಳು, ಆಲಿವರ್ ಸ್ಟ್ಯಾಂಡಿಂಗ್‌ಫರ್ಡ್ ಮತ್ತು ರೇಮಂಡ್ ಥಾಂಪ್ಸನ್, ಅಮೆರಿಕಕ್ಕೆ ಹೋಗಿ ಹೊಸ ಎಲೆಕ್ಟ್ರಾನಿಕ್ ಲೆಕ್ಕಯಂತ್ರಗಳ ವಿಷಯ ತಿಳಿದುಕೊಂಡು ಬಂದರು. ಅಲ್ಲಿಯೇ ಅವರಿಗೆ ಗೊತ್ತಾಗಿದ್ದು, ತಮ್ಮ ಕೇಂಬ್ರಿಡ್ಜ್‌ನಲ್ಲೇ ಮಾರಿಸ್ ವಿಲ್ಕ್ಸ್ ಎಂಬ ವಿಜ್ಞಾನಿ ಅಂಥ ಯಂತ್ರ ಕಟ್ಟುತ್ತಿದ್ದಾರೆ ಅಂತ. ಲಯನ್ಸ್ ಅವರಿಗೆ 3,000 ಪೌಂಡ್ ಮತ್ತು ಒಬ್ಬ ಕೆಲಸಗಾರನನ್ನು ಕೊಟ್ಟಿತು. 1949ರ ಮೇ ತಿಂಗಳಲ್ಲಿ ಕೇಂಬ್ರಿಡ್ಜ್‌ನ ಯಂತ್ರ ಓಡಿತು. ಅದರ ಮಾದರಿಯಲ್ಲಿ ಲಯನ್ಸ್ ತನ್ನದೇ ಯಂತ್ರ ಕಟ್ಟಿತು. ಹೆಸರು ಲಿಯೋ, ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್. 1951ರಲ್ಲಿ ಅದು ಬೇಕರಿಯ ಲೆಕ್ಕ ಮಾಡಲು ಶುರುಮಾಡಿತು. ವ್ಯಾಪಾರದ ಕಚೇರಿ ಕೆಲಸಕ್ಕೆ ಕಂಪ್ಯೂಟರ್ ಬಳಸಿದ್ದರಲ್ಲಿ ಪ್ರಪಂಚಕ್ಕೇ ಮೊದಲಿಗರು ಅವರು.

ಎಲೆಕ್ಟ್ರಿಷಿಯನ್ ಆಗಿ ನನಗೆ ಇಷ್ಟವಾದ ಒಂದು ವಿಷಯ ಹೇಳ್ತೀನಿ. ಲಿಯೋದಲ್ಲಿ ಸುಮಾರು 6,000 ವಾಲ್ವುಗಳಿದ್ದವು, ಹಳೆ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದಂಥವು. ಯಾವುದು ಯಾವಾಗ ಸುಡುತ್ತೋ ಗೊತ್ತಿಲ್ಲ. ಎಂಜಿನಿಯರ್ ಜಾನ್ ಪಿಂಕರ್ಟನ್ ಮತ್ತು ಅವರ ತಂಡದವರು ವೋಲ್ಟೇಜ್ ಬೇಕೆಂದೇ ಸ್ವಲ್ಪ ಹೆಚ್ಚು ಕಡಿಮೆ ಮಾಡಿ, ದುರ್ಬಲವಾದ ವಾಲ್ವು ಕೆಲಸದ ನಡುವೆ ಕೈಕೊಡೋ ಮುಂಚೆಯೇ ಹಿಡಿದು ಬದಲಾಯಿಸುತ್ತಿದ್ದರು. ನಾವು ಹೊಸ ಲೈನಿಗೆ ಮೆಗ್ಗರ್ ಹಾಕಿ ನೋಡಿದ ಮೇಲೆ ಚಾರ್ಜ್ ಮಾಡೋ ಬುದ್ಧಿಯೇ ಇದು.

ಆದರೆ ಲಿಯೋ ಗೆದ್ದಿದ್ದು ವಾಲ್ವಿನಿಂದ ಮಾತ್ರ ಅಂತ ನನಗೆ ಅನ್ನಿಸೋದಿಲ್ಲ. ಅದಕ್ಕೆ ಪ್ರೋಗ್ರಾಂ ಬರೆಸಿದ ಡೇವಿಡ್ ಕ್ಯಾಮಿನರ್ ಹೊರಗಿನಿಂದ ಬಂದ ಯಂತ್ರತಜ್ಞರಲ್ಲ. ಲಯನ್ಸ್‌ನ ಕಚೇರಿ ಕೆಲಸವನ್ನು ಒಳಗಿಂದ ಅರೆದು ಕುಡಿದಿದ್ದವರು. ಪ್ರೋಗ್ರಾಂ ಬರೆಯುವವರನ್ನೂ ಕಂಪನಿ ತನ್ನ ಆಫೀಸುಗಳಿಂದಲೇ ಆರಿಸಿ ತರಬೇತಿ ಕೊಟ್ಟಿತು. ಹಾಗೆ ಬಂದವರಲ್ಲಿ ಮೇರಿ ಕೂಂಬ್ಸ್ ಒಬ್ಬರು. ವ್ಯಾಪಾರಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದ ಮೊದಲ ಮಹಿಳೆ ಅಂತ ಅವರನ್ನು ಕರೀತಾರೆ. ಸಂಬಳದ ಪ್ರೋಗ್ರಾಂನಲ್ಲಿ ಅವರ ಕೈ ಇತ್ತು.

ಸಂಬಳದ ಕೆಲಸವನ್ನು ಅವರು ಮೊದಲ ದಿನವೇ ಮುಟ್ಟಲಿಲ್ಲ. ಮೊದಲು ಬೇಕರಿಯಂಥ ಸಣ್ಣ ಲೆಕ್ಕ, ಅದು ನಿಂತ ಮೇಲೆ ಸಂಬಳ. ಬ್ರಿಟನ್ನಿನಲ್ಲಿ 1944ರಿಂದ ಆದಾಯ ತೆರಿಗೆಯನ್ನು ಸಂಬಳದಲ್ಲೇ ಹಿಡಿಯುವ ಪದ್ಧತಿ ಬಂದಿದ್ದರಿಂದ ಪ್ರತಿ ವಾರದ ಲೆಕ್ಕ ಗೋಜಲಾಗಿತ್ತು. ನುರಿತ ಗುಮಾಸ್ತನಿಗೂ ಒಬ್ಬ ಕೆಲಸಗಾರನ ಸಂಬಳ ಲೆಕ್ಕ ಹಾಕಲು ಸುಮಾರು 8 ನಿಮಿಷ ಹಿಡಿಯುತ್ತಿತ್ತು. 1953ರ ಕೊನೆಯಲ್ಲಿ ಲಿಯೋ ಅದನ್ನು ಒಂದೂವರೆ ಸೆಕೆಂಡಿನಲ್ಲಿ ಮಾಡಲು ಶುರುಮಾಡಿತು. ಹಾಗಂತ ಹಳೆಯ ಲೆಕ್ಕವನ್ನು ಮಾರನೇ ದಿನವೇ ಬಿಟ್ಟುಬಿಡಲಿಲ್ಲ. ಕೆಲವು ವಾರ ಗುಮಾಸ್ತರ ಕೈಲೆಕ್ಕವೂ ಯಂತ್ರದ ಲೆಕ್ಕವೂ ಜೊತೆಜೊತೆಗೇ ನಡೆದವು. ತಾಳೆಯಾದ ಮೇಲೆಯೇ ಯಂತ್ರವನ್ನು ನಂಬಿದರು. ಮುಂದೆ ಡೇಗನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯ ಸಂಬಳದ ಲೆಕ್ಕವೂ ಲಿಯೋಗೇ ಬಂತು.

ಕ್ವೀನ್ಸ್‌ಲ್ಯಾಂಡಿನ ನರ್ಸ್‌ಗಳು

ಈಗ ಐವತ್ತು ವರ್ಷಕ್ಕೂ ಹೆಚ್ಚು ಮುಂದೆ ಬನ್ನಿ. ಕಂಪ್ಯೂಟರ್ ಸಾವಿರ ಪಟ್ಟು ಚುರುಕಾಗಿದೆ. 2010ರ ಮಾರ್ಚ್ ತಿಂಗಳಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆರೋಗ್ಯ ಇಲಾಖೆ ತನ್ನ ಹಳೆಯ ಸಂಬಳ ಸಿಸ್ಟಂ ಬಿಟ್ಟು ಹೊಸದಕ್ಕೆ ಬದಲಾಯಿತು. ಗುತ್ತಿಗೆ ಪಡೆದದ್ದು ಐಬಿಎಂ. ನರ್ಸು, ಡಾಕ್ಟರು, ಆಯಾ, ಅಡುಗೆಯವರು ಎಲ್ಲಾ ಸೇರಿ ಸುಮಾರು 80,000 ಜನ ಸಿಬ್ಬಂದಿ.

ಮೊದಲ ಸಂಬಳದಿಂದಲೇ ಗೋಳು ಶುರುವಾಯಿತು. ಕೆಲವರಿಗೆ ಕಡಿಮೆ ಬಂತು, ಕೆಲವರಿಗೆ ಹೆಚ್ಚು ಬಂತು, ಕೆಲವರಿಗೆ ಏನೂ ಬರಲಿಲ್ಲ. ಹೆಚ್ಚು ಬಂದವರೂ ಸುಖವಾಗಿರಲಿಲ್ಲ, ಆಮೇಲೆ ವಾಪಸ್ ಕೊಡಿ ಅಂತ ಕಾಗದ ಬಂತು. ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್‌ಗೆ ಮನೆ ಬಾಡಿಗೆಗೆ ದುಡ್ಡಿಲ್ಲ ಅಂದರೆ ಹೇಗಿರುತ್ತೆ ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಕಾರಣ ಏನು? ಆಸ್ಪತ್ರೆ ಅಂದರೆ ಹಗಲು ರಾತ್ರಿ ಕೆಲಸ. ಅಲ್ಲಿ 200ಕ್ಕೂ ಹೆಚ್ಚು ಬಗೆಯ ಭತ್ಯೆಗಳಿದ್ದವು. ಎಲ್ಲಾ ಕೂಡಿಸಿ ನೋಡಿದರೆ ಸಂಬಳ ಲೆಕ್ಕ ಹಾಕುವ ರೀತಿಗಳು 24,000ದವರೆಗೆ ಹೋಗುತ್ತಿದ್ದವು. ಇದು ತಲೆಯಲ್ಲಿ ಇದ್ದದ್ದು ಆಸ್ಪತ್ರೆಗಳಲ್ಲಿ ವರ್ಷಾನುಗಟ್ಟಲೆ ಸಂಬಳದ ಕಾಗದ ನೋಡಿದವರಿಗೆ. ಸಿಸ್ಟಂ ಕಟ್ಟಿದ್ದು ಬೇರೆಯವರು. ನಮಗೆ ಇದಿದು ಬೇಕು ಅಂತ ಇಲಾಖೆ ಮೊದಲೇ ಕೂತು ಸ್ಪಷ್ಟವಾಗಿ ನಿಗದಿ ಮಾಡಲಿಲ್ಲ. ಕಟ್ಟುವವರೂ ಅದು ನಿಗದಿಯಾಗುವ ತನಕ ಕಾಯಲಿಲ್ಲ. ಹಳೆಯ ಸಿಸ್ಟಂ ಇನ್ನೇನು ಕೈಕೊಡುತ್ತೆ ಅನ್ನುವ ಅವಸರ ಬೇರೆ. 2013ರಲ್ಲಿ ತನಿಖಾ ಆಯೋಗ ವರದಿ ಕೊಟ್ಟಿತು. ದೇಶದ ಸಾರ್ವಜನಿಕ ಆಡಳಿತದ ವೈಫಲ್ಯಗಳಲ್ಲಿ ಮೊದಲ ಸಾಲಿನದು ಇದು ಅಂತ ಅದು ಹೇಳಿತು. ಸುಮಾರು 60 ಲಕ್ಷ ಡಾಲರಿನಲ್ಲಿ ಮುಗಿಯುತ್ತೆ ಅಂದುಕೊಂಡಿದ್ದ ಕೆಲಸದ ಒಟ್ಟು ಖರ್ಚು ಸುಮಾರು 120 ಕೋಟಿ ಆಸ್ಟ್ರೇಲಿಯನ್ ಡಾಲರ್ ಅಂತ ಅಂದಾಜಾಯಿತು.

ಕೆನಡಾದ ಫೀನಿಕ್ಸ್

ಒಬ್ಬರು ಬಿದ್ದದ್ದನ್ನು ನೋಡಿ ಇನ್ನೊಬ್ಬರು ಕಲಿಯಬೇಕಿತ್ತು. 2016ರಲ್ಲಿ ಕೆನಡಾ ಸರ್ಕಾರ ತನ್ನ ಸುಮಾರು 2.9 ಲಕ್ಷ ನೌಕರರಿಗೆ ಫೀನಿಕ್ಸ್ ಎಂಬ ಹೊಸ ಸಂಬಳ ಸಿಸ್ಟಂ ತಂದಿತು. ಇಲ್ಲೂ ಗುತ್ತಿಗೆ ಐಬಿಎಂಗೆ.

ಸಿಸ್ಟಂ ಬರುವ ಮುಂಚೆಯೇ ಅವರು ಇನ್ನೊಂದು ಕೆಲಸ ಮಾಡಿದ್ದರು. ಬೇರೆ ಬೇರೆ ಇಲಾಖೆಗಳಲ್ಲಿ ಸಂಬಳದ ಕೆಲಸ ನೋಡಿಕೊಳ್ಳುತ್ತಿದ್ದ ಸುಮಾರು 1,200 ಸಲಹೆಗಾರರ ಹುದ್ದೆಗಳನ್ನು ತೆಗೆದು, ಮಿರಾಮಿಶಿ ಎಂಬ ಒಂದೇ ಊರಿನಲ್ಲಿ 550 ಜನರ ಕೇಂದ್ರ ಮಾಡಿದರು. ಸಂಬಳದ ನಿಯಮಗಳು 80,000ಕ್ಕೂ ಹೆಚ್ಚು. ಆ ನಿಯಮಗಳನ್ನು ಬಲ್ಲ ಹಳಬರು ಮನೆಗೆ ಹೋದರು, ಹೊಸ ಯಂತ್ರಕ್ಕೆ ನಿಯಮ ಹೇಳಿಕೊಡಲು ಸಾಕಷ್ಟು ಜನ ಉಳಿಯಲಿಲ್ಲ. ದುಡ್ಡು ಸಮಯ ಉಳಿಸೋದಕ್ಕೆ ಕೆಲವು ಮುಖ್ಯ ಸೌಲಭ್ಯಗಳನ್ನು ಸಿಸ್ಟಂನಿಂದ ಕೈಬಿಟ್ಟರು. ಮೊದಲು ಒಂದು ಇಲಾಖೆಯಲ್ಲಿ ಪ್ರಯೋಗ ಮಾಡಿ ನೋಡುವ ಯೋಜನೆ ಇತ್ತು, ಅದನ್ನೂ ರದ್ದು ಮಾಡಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೆಗ್ಗರ್ ಹಾಕದೆ ಇಡೀ ಬಿಲ್ಡಿಂಗಿಗೆ ಲೈನ್ ಕೊಟ್ಟರು.

ಮುಂದೆ ಆಗಿದ್ದು ಕ್ವೀನ್ಸ್‌ಲ್ಯಾಂಡಿನ ಕಥೆಯೇ, ಇನ್ನೂ ದೊಡ್ಡದಾಗಿ. ಅರ್ಧಕ್ಕಿಂತ ಹೆಚ್ಚು ನೌಕರರಿಗೆ ಒಂದಲ್ಲ ಒಂದು ರೀತಿ ಸಂಬಳ ತಪ್ಪಿತು. 2018ರಲ್ಲಿ ಕೆನಡಾದ ಆಡಿಟರ್ ಜನರಲ್ ಇದನ್ನು ಅರ್ಥವೇ ಆಗದಂಥ ವೈಫಲ್ಯ ಅಂತ ವರದಿ ಬರೆದರು.

ಇಲ್ಲಿ ಒಂದು ಮಾತು. ಕಂಪ್ಯೂಟರ್ ಕೆಟ್ಟದ್ದು, ಪುಸ್ತಕವೇ ಒಳ್ಳೆಯದು ಅಂತ ನಾನು ಹೇಳ್ತಿಲ್ಲ. ಲಿಯೋ ಕೂಡ ಕಂಪ್ಯೂಟರೇ. ಲಯನ್ಸ್‌ನವರು ನಿಯಮ ಗೊತ್ತಿದ್ದ ಗುಮಾಸ್ತರನ್ನೇ ಯಂತ್ರದ ಹತ್ತಿರ ಕರೆತಂದರು. ಕೆನಡಾದವರು ಅಂಥವರನ್ನು ಮೊದಲು ಕಳಿಸಿ, ಆಮೇಲೆ ಯಂತ್ರ ಚಾಲೂ ಮಾಡಿದರು. ಫೇಸ್ ಎಷ್ಟೇ ಬಲವಾಗಿರಲಿ, ನ್ಯೂಟ್ರಲ್ ಕಿತ್ತುಹೋದರೆ ಬಲ್ಬ್ ಉರಿಯೋಲ್ಲ ತಾನೇ.

ಗಲ್ಫಿಗೆ ಬಂದ ಫೈಲು

ಈಗ ನಮ್ಮ ಯುಎಇಗೆ ಬರೋಣ. ಇಲ್ಲಿಗೆ ಮೊದಲು ಬಂದ ಹಿರಿಯರಿಗೆ ಕವರಿನಲ್ಲಿ ನಗದು ಸಂಬಳ ಗೊತ್ತು. ಸಹಿ ಹಾಕಿಸಿಕೊಂಡ ಮೊತ್ತ ಒಂದು, ಕವರಿನಲ್ಲಿದ್ದದ್ದು ಇನ್ನೊಂದು ಆದರೆ ತೋರಿಸೋದಕ್ಕೆ ಪುರಾವೆ ಇರಲಿಲ್ಲ. 2009ರಲ್ಲಿ ಕಾರ್ಮಿಕ ಸಚಿವಾಲಯ ಮತ್ತು ಸೆಂಟ್ರಲ್ ಬ್ಯಾಂಕ್ ಸೇರಿ ವೇಜಸ್ ಪ್ರೊಟೆಕ್ಷನ್ ಸಿಸ್ಟಂ, ಅಂದರೆ ಡಬ್ಲ್ಯೂಪಿಎಸ್ ತಂದವು. ಆಮೇಲೆ ಸೌದಿ, ಕತಾರ್ ಮುಂತಾದ ಕಡೆಗಳಲ್ಲೂ ಇಂಥದ್ದೇ ಬಂತು.

ಇದು ನಡೆಯೋದು ಹೀಗೆ. ಕಂಪನಿ ಪ್ರತಿ ತಿಂಗಳು ಒಂದು ಸಂಬಳದ ಫೈಲ್ ಮಾಡುತ್ತೆ. ಅದರಲ್ಲಿ ಪ್ರತಿ ಕೆಲಸಗಾರನಿಗೂ ಒಂದು ಸಾಲು. ಸಚಿವಾಲಯ ಕೊಟ್ಟ ಅವನ 14 ಅಂಕಿಯ ನಂಬರ್, ಬ್ಯಾಂಕ್ ಖಾತೆ, ಯಾವ ತಾರೀಕಿಂದ ಯಾವ ತಾರೀಕಿಗೆ, ಎಷ್ಟು ದಿನ, ಸ್ಥಿರ ಸಂಬಳ ಎಷ್ಟು, ಆ ತಿಂಗಳು ಬದಲಾಗುವ ಮೊತ್ತ ಎಷ್ಟು, ಸಂಬಳವಿಲ್ಲದ ರಜೆ ಎಷ್ಟು. ನಮ್ಮ ಓಟಿ ಬಂದು ಕೂರೋದು ಆ ಬದಲಾಗುವ ಮೊತ್ತದಲ್ಲಿ. ಕೊನೆಯಲ್ಲಿ ಇಡೀ ಕಂಪನಿಯ ಒಟ್ಟು ಮೊತ್ತದ ಒಂದು ಸಾಲು. ಒಟ್ಟಿಗೂ ಬಿಡಿ ಸಾಲುಗಳಿಗೂ ತಾಳೆಯಾಗದಿದ್ದರೆ ಫೈಲ್ ವಾಪಸ್. ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಮೂಲಕ ಅದು ಸೆಂಟ್ರಲ್ ಬ್ಯಾಂಕಿಗೆ, ಅಲ್ಲಿಂದ ಸಚಿವಾಲಯಕ್ಕೆ ಗೊತ್ತಾಗುತ್ತೆ. ದುಡ್ಡು ಬಂತೋ ಇಲ್ಲವೋ ಅನ್ನೋದಕ್ಕೆ ಈಗ ಸರ್ಕಾರವೇ ಸಾಕ್ಷಿ. ದೊಡ್ಡ ಬದಲಾವಣೆ ಇದು, ನಮ್ಮಂಥವರಿಗೆ ನಿಜವಾದ ಉಪಕಾರ.

ಆದರೆ ಒಂದು ವಿಷಯ ಗಮನಿಸಿ. ಈ ಫೈಲಿಗೆ ಕಾಣೋದು ಮೊತ್ತ ಮತ್ತು ದಿನ. ನಾವು ಎಷ್ಟು ಗಂಟೆ ದುಡಿದೆವು ಅನ್ನೋದು ಅದಕ್ಕೆ ಕಾಣೋದಿಲ್ಲ. ಆ ಗಂಟೆಯ ಲೆಕ್ಕ ಕಂಪನಿಯೊಳಗೆ, ಎಚ್‌ಆರ್ ಮತ್ತು ಐಟಿ ನಡುವೆಯೇ ತೀರ್ಮಾನವಾಗಿ ಬರಬೇಕು.

ಅದು ಸುಲಭದ ಲೆಕ್ಕವೂ ಅಲ್ಲ. ಇಲ್ಲಿನ ಕಾನೂನಿನಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಮೇಲೆ ಮಾಡಿದರೆ ಮೂಲ ಸಂಬಳದ ಗಂಟೆ ದರಕ್ಕೆ ಶೇಕಡ 25 ಹೆಚ್ಚು. ಅದೇ ಓಟಿ ರಾತ್ರಿ 10ರಿಂದ ಬೆಳಗಿನ 4ರ ನಡುವೆ ಬಿದ್ದರೆ ಶೇಕಡ 50 ಹೆಚ್ಚು. ಆದರೆ ಪಾಳಿ ಪದ್ಧತಿಯವರಿಗೆ ಈ ರಾತ್ರಿ ನಿಯಮ ಇಲ್ಲ. ರಂಜಾನ್ ತಿಂಗಳಲ್ಲಿ ದಿನಕ್ಕೆ 2 ಗಂಟೆ ಕಡಿಮೆ. ರಂಜಾನ್ ಯಾವತ್ತು ಶುರು ಅನ್ನೋದು ಚಂದ್ರ ಕಂಡ ಮೇಲೆ ಗೊತ್ತಾಗೋದು, ಅದನ್ನು ಕಂಪ್ಯೂಟರಿಗೆ ಆ ರಾತ್ರಿಯೇ ಯಾರಾದರೂ ಹೇಳಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ.

ಇದರ ಮೇಲೆ 2022 ಬಂತು. ಮೊದಲಿನ ಕಾನೂನಿನಲ್ಲಿ ವಾರದ ರಜೆ ಅಂದರೆ ಶುಕ್ರವಾರ. 2022ರ ಜನವರಿಯಿಂದ ಸರ್ಕಾರಿ ಕಚೇರಿಗಳ ವಾರಾಂತ್ಯ ಶನಿವಾರ, ಭಾನುವಾರಕ್ಕೆ ಹೋಯಿತು. ಅದೇ ವರ್ಷ ಜಾರಿಗೆ ಬಂದ ಹೊಸ ಕಾರ್ಮಿಕ ಕಾನೂನಿನಲ್ಲಿ ಖಾಸಗಿಯವರ ವಾರದ ರಜೆ ಯಾವ ದಿನ ಅನ್ನೋದು ಒಪ್ಪಂದದಲ್ಲಿ, ಕಂಪನಿಯ ನಿಯಮದಲ್ಲಿ ಇದ್ದ ಹಾಗೆ ಅಂತಾಯಿತು. ಯೋಚಿಸಿ ನೋಡಿ. ನಿಮ್ಮ ಒಪ್ಪಂದದಲ್ಲಿ ಭಾನುವಾರ ರಜೆ ಅಂತ ಎಚ್‌ಆರ್ ಬರೆದು, ಐಟಿಯ ಸಿಸ್ಟಂನಲ್ಲಿ ಇನ್ನೂ ಶುಕ್ರವಾರವೇ ಉಳಿದಿದ್ದರೆ, ರಜೆ ದಿನ ದುಡಿದದ್ದಕ್ಕೆ ಸಿಗಬೇಕಾದ ಹೆಚ್ಚಿನ ಕಾಸು ಎಲ್ಲಿ ಹೋಗುತ್ತೆ?

ರಾತ್ರಿ ಹನ್ನೆರಡರ ಗಡಿ

ಕೆಲವು ವರ್ಷದ ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ನಡೆದದ್ದನ್ನು ಹೇಳ್ತೀನಿ, ಹೆಸರು ಬೇಡ. ಅಂಗಡಿಗಳು ಮುಚ್ಚಿದ ಮೇಲೆ ನಮ್ಮ ಗ್ಯಾಂಗಿಗೆ ಕೆಲಸ. ರಾತ್ರಿ 9ಕ್ಕೆ ಒಳಗೆ, ಬೆಳಿಗ್ಗೆ 5ಕ್ಕೆ ಹೊರಗೆ. ಆಗ ತಾನೇ ಟೈಮ್‌ಕೀಪರನ ಪುಸ್ತಕ ತೆಗೆದು ಬೆರಳಚ್ಚಿನ ಯಂತ್ರ ಹಾಕಿದ್ದರು. ಯಂತ್ರ ಗೋಡೆಗೆ ಕೂರಿಸಿದ ತಂಡದಲ್ಲಿ ನಾನೂ ಇದ್ದೆ.

ಮೊದಲ ತಿಂಗಳ ಸಂಬಳದಲ್ಲಿ ರಾತ್ರಿ ಗ್ಯಾಂಗಿನ ಎಲ್ಲರಿಗೂ ಕಟ್. ಯಾಕಂದ್ರೆ ಯಂತ್ರಕ್ಕೆ ದಿನ ಅಂದರೆ ರಾತ್ರಿ ಹನ್ನೆರಡಕ್ಕೆ ಮುಗಿಯುವಂಥದ್ದು. 9ಕ್ಕೆ ಬೆರಳು ಒತ್ತಿದವನು ಹನ್ನೆರಡರೊಳಗೆ ಹೊರಗೆ ಹೋದ ದಾಖಲೆ ಇಲ್ಲ, ಅರ್ಧ ದಿನ ಗೈರು. ಬೆಳಿಗ್ಗೆ 5ಕ್ಕೆ ಒತ್ತಿದ್ದು ಹೊಸ ದಿನದ ಒಳಬರುವಿಕೆ ಅಂತ ಲೆಕ್ಕ. ಅದಲ್ಲದೆ ಟೈಲ್ಸ್ ಹಾಕುವವರ, ಸಿಮೆಂಟ್ ಮುಟ್ಟುವವರ ಬೆರಳ ಗೆರೆ ಸವೆದು ಯಂತ್ರ ಅವರನ್ನು ಗುರುತೇ ಹಿಡಿಯುತ್ತಿರಲಿಲ್ಲ. ಎರಡು ವಾರ ನಾವು ಆ ಬಾಗಿಲಿಂದ ಈ ಬಾಗಿಲಿಗೆ, ಈ ಬಾಗಿಲಿಂದ ಆ ಬಾಗಿಲಿಗೆ ಅಲೆದೆವು.

ಕೊನೆಗೆ ಫೋರ್‌ಮನ್ ಒಂದು ಒಳ್ಳೆ ಕೆಲಸ ಮಾಡಿದರು. ಎಚ್‌ಆರ್‌ನ ಮೇಡಂನ್ನೂ ಐಟಿ ಹುಡುಗನನ್ನೂ ಒಂದು ರಾತ್ರಿ ಸೈಟಿಗೇ ಕರೆಸಿದರು. ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಇಬ್ಬರನ್ನೂ ಕೂರಿಸಿ, ಚಹಾ ಕೊಟ್ಟು, ನಾವು ಒಬ್ಬೊಬ್ಬರಾಗಿ ಬೆರಳು ಒತ್ತೋದನ್ನು ತೋರಿಸಿದರು. ಯಾದಗಿರಿ ಕಡೆಯ ನಮ್ಮ ಹಿರಿಯ ಮೇಸ್ತ್ರಿ ಒಬ್ಬರು ನಾಲ್ಕು ಸಲ ಒತ್ತಿದರೂ ಯಂತ್ರ ಕೆಂಪು ದೀಪ ತೋರಿಸಿತು. ಅವರು ಅಂಗೈ ಮುಂದೆ ಹಿಡಿದು ಹಿಂದಿಯಲ್ಲಿ ಹೇಳಿದರು: "ಮೇಡಂ, ನಮ್ಮ ದಿನ ಹನ್ನೆರಡಕ್ಕೆ ಮುಗಿಯೋಲ್ಲ. ಬಸ್ ಬಂದಾಗ ಮುಗಿಯುತ್ತೆ."

ಐಟಿ ಹುಡುಗ ಅಲ್ಲೇ ಲ್ಯಾಪ್‌ಟಾಪ್ ತೆಗೆದು, "ರಾತ್ರಿ ಗ್ಯಾಂಗ್ ಅಂತ ಬೇರೆ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ" ಅಂದ. ಮೇಡಂ, "ದಿನ ಯಾವಾಗ ಶುರುವಾಗಬೇಕು ಅಂತ ನೀವು ನಮ್ಮನ್ನ ಕೇಳಿರಲಿಲ್ಲ" ಅಂದರು. ಆಮೇಲೆ ಇಬ್ಬರೂ ಜಗಳ ಬಿಟ್ಟು ಲೆಕ್ಕಕ್ಕೆ ಕೂತರು. ರಾತ್ರಿ ಗ್ಯಾಂಗಿನ ದಿನ ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಅಂತ ಮಾಡಿದರು. ಬೆರಳು ಹಿಡಿಯದವರಿಗೆ ಕಾರ್ಡ್ ಕೊಟ್ಟರು. ಎರಡು ತಿಂಗಳು ಫೋರ್‌ಮನ್ ಸಹಿ ಮಾಡಿದ ಹಾಳೆಯೂ ಯಂತ್ರದ ಜೊತೆಗೆ ನಡೆಯಲಿ ಅಂತ ಒಪ್ಪಿದರು. ಕಟ್ ಆದ ದುಡ್ಡು ಮುಂದಿನ ತಿಂಗಳ ಸಂಬಳದಲ್ಲಿ ಬಂತು. ಅವರಿಬ್ಬರೂ ಲಯನ್ಸ್ ಕಂಪನಿಯ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಅರವತ್ತಕ್ಕೂ ಹೆಚ್ಚು ವರ್ಷ ಹಿಂದೆ ಆ ಚಹಾ ಅಂಗಡಿಯವರು ಮಾಡಿದ್ದೂ ಇದನ್ನೇ: ನಿಯಮ ಬಲ್ಲವರನ್ನು ಯಂತ್ರದ ಹತ್ತಿರ ಕೂರಿಸಿದ್ದು, ಹಳೆ ಲೆಕ್ಕವನ್ನು ಸ್ವಲ್ಪ ಕಾಲ ಜೊತೆಗಿಟ್ಟುಕೊಂಡದ್ದು.

ನಾವು ಏನು ಮಾಡಬಹುದು

ನಾವು ಕಂಪನಿ ನಡೆಸೋರಲ್ಲ, ನಿಜ. ಆದರೆ ಈ ಇತಿಹಾಸದಿಂದ ನಮ್ಮ ಕೈಲಿ ಆಗೋ ಕೆಲವು ಕೆಲಸ ಹೊಳೆಯುತ್ತೆ.

ಒಂದು, ಯಂತ್ರ ಇದ್ದರೂ ಸ್ವಂತ ಪುಸ್ತಕ ಬಿಡಬೇಡಿ. ತಾರೀಕು, ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು, ಸೈಟಿನ ಹೆಸರು. ದಿನಕ್ಕೆ ಒಂದು ಸಾಲು ಸಾಕು.

ಎರಡು, ಪೇಸ್ಲಿಪ್ ಕೇಳಿ ಪಡೆಯಿರಿ. ಒಟ್ಟು ಮೊತ್ತ ನೋಡಿ ಮಡಚಿ ಇಡಬೇಡಿ. ಮೂಲ ಸಂಬಳ ಎಷ್ಟು, ಓಟಿ ಗಂಟೆ ಎಷ್ಟು, ಯಾವ ದರ ಅಂತ ನೋಡಿ. ಒಪ್ಪಂದದಲ್ಲಿ ವಾರದ ರಜೆ ಯಾವ ದಿನ ಅಂತ ಬರೆದಿದೆಯೋ ಅದನ್ನೂ ಒಮ್ಮೆ ಓದಿಸಿಕೊಳ್ಳಿ.

ಮೂರು, ಲೆಕ್ಕ ತಪ್ಪಿದಾಗ ಒಂದೇ ಬಾಗಿಲಿಗೆ ಹೋಗಿ ಕೂಗಾಡಬೇಡಿ. ಯಾವ ದಿನ, ಯಾವ ಶಿಫ್ಟ್, ಯಂತ್ರ ಏನು ತೋರಿಸಿತು, ನಿಜವಾಗಿ ಏನು ನಡೆಯಿತು ಅಂತ ಒಂದೇ ಹಾಳೆಯಲ್ಲಿ ಬರೆದು ಎಚ್‌ಆರ್‌ಗೂ ಐಟಿಗೂ ಒಟ್ಟಿಗೆ ಕೊಡಿ. ಇಬ್ಬರ ಕೈಯಲ್ಲೂ ಒಂದೇ ಕಾಗದ ಇದ್ದರೆ ಮಾತು ಬೇಗ ಮುಗಿಯುತ್ತೆ. ಅಲ್ಲಿ ಮುಗಿಯದಿದ್ದರೆ ಸಚಿವಾಲಯಕ್ಕೆ ದೂರು ಕೊಡುವ ದಾರಿ ಇದ್ದೇ ಇದೆ, ಆಗಲೂ ಆ ಹಾಳೆಯೇ ಕೈ ಹಿಡಿಯೋದು.

ನಾಲ್ಕು, ನಮ್ಮ ಬಳಗದಲ್ಲಿ ಆಫೀಸಿನಲ್ಲಿ ಕೂರುವವರೂ ಇದ್ದೀರಿ. ಎಚ್‌ಆರ್‌ನಲ್ಲಿ ಇರುವವರು, ಸಾಫ್ಟ್‌ವೇರ್ ಬರೆಯುವವರು ಈ ಸಂಚಿಕೆ ಓದುತ್ತೀರಿ. ನಿಮಗೆ ನನ್ನದೊಂದು ವಿನಂತಿ. ಹೊಸ ಸಿಸ್ಟಂ ಹಾಕುವ ಮುಂಚೆ ಒಂದು ರಾತ್ರಿ ಸೈಟಿಗೆ ಬನ್ನಿ. ನಮ್ಮ ಟೈಮ್‌ಕೀಪರನ್ನು ಕೇಳಿ, ಅವನ ಹಳೆಯ ಪುಸ್ತಕ ತಿರುವಿ ಹಾಕಿ. ನಿಮ್ಮ ಇಪ್ಪತ್ತು ಮೀಟಿಂಗಿನಲ್ಲಿ ಸಿಗದ ನಿಯಮ ಅದರ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿರುತ್ತೆ.

ಬಂಡಿಯವರ ಗಡಿಯಾರ ಬಂದು ನೂರ ಮೂವತ್ತಕ್ಕೂ ಹೆಚ್ಚು ವರ್ಷ ಆಯಿತು. ಕೀಲಿ ಹೋಗಿ ಕಾರ್ಡ್ ಬಂತು, ಕಾರ್ಡ್ ಹೋಗಿ ಬೆರಳು ಬಂತು, ಈಗ ಮುಖ ನೋಡಿ ಹಾಜರಿ ಹಾಕುವ ಯಂತ್ರವೂ ಬಂದಿದೆ. ಯಂತ್ರ ಎಷ್ಟು ಬದಲಾದರೂ ಅದಕ್ಕೆ ನಮ್ಮ ದಿನ ಯಾವಾಗ ಮುಗಿಯುತ್ತೆ ಅಂತ ಯಾರಾದರೂ ಮನುಷ್ಯರೇ ಹೇಳಿಕೊಡಬೇಕು. ಹೇಳೋದು ನಮ್ಮ ಕೆಲಸ. ಕೇಳಿಸಿಕೊಳ್ಳೋದಕ್ಕೆ ಆ ಎರಡು ಕೊಠಡಿಯವರು ಒಟ್ಟಿಗೆ ಕೂರಲಿ ಅನ್ನೋದು ನನ್ನ ಆಸೆ.

ಎಲ್ಲರಿಗೂ ಈ ತಿಂಗಳ ಸಂಬಳ ಸರಿಯಾಗಿ, ಸರಿಯಾದ ದಿನಕ್ಕೆ ಬರಲಿ. ಸಿರಿಗನ್ನಡಂ ಗೆಲ್ಗೆ.